ಉಳಿದ ಹತ್ತು ಆಟ

ಹುಲ್ಲಪ್ಪ ಅಂತ ಹೆಸರಿಟ್ಟವರು ಕ್ಲಬ್ಬಿನ ಆಟಗಾರರು. ಇಪ್ಪತ್ತೆರಡು ವರ್ಷದಿಂದ ಸ್ಟೇಡಿಯಮ್ಮಿನ ಹುಲ್ಲು ಅವನ ಕೈಯಲ್ಲಿತ್ತು. ಕತ್ತರಿಸುವುದು, ನೀರು ಬಿಡುವುದು, ರೋಲರ್ ಎಳೆಯುವುದು, ಆಟದ ಹಿಂದಿನ ದಿನ ಬಿಳಿ ಗೆರೆ ಹಾಕುವುದು, ಎಲ್ಲ ಅವನೇ. ಅವನ ಹೆಂಡತಿ ಅದೇ ಕ್ಲಬ್ಬಿನ ಬಟ್ಟೆ ಒಗೆಯುವ ಕೋಣೆಯಲ್ಲಿ ಕೆಲಸಕ್ಕಿದ್ದಳು. ಮಗ ಅದೇ ಕ್ಲಬ್ಬಿನ ಎರಡನೇ ಗೋಲ್‌ಕೀಪರ್. ಹೀಗೆ ಹೇಳಿದರೆ ಇಡೀ ಮನೆಯೇ ಫುಟ್‌ಬಾಲ್ ಆಡುತ್ತಿತ್ತು ಅನ್ನಿಸುತ್ತದೆ. ಆಡುತ್ತಿದ್ದವರು ಯಾರೂ ಇರಲಿಲ್ಲ. ಎರಡನೇ ಕೀಪರ್ ಅಂದರೆ ಬೆಂಚಿನ ಮೇಲೆ ಕೂರುವವನು. ಮೊದಲನೇ ಕೀಪರ್‌ಗೆ ಏಟಾದರೆ, ಜ್ವರ ಬಂದರೆ ಎದ್ದು ಹೋಗಬೇಕು. ಮೊದಲನೆಯವನಿಗೆ ಒಂಬತ್ತು ವರ್ಷದಲ್ಲಿ ಜ್ವರ ಬಂದದ್ದು ಮೂರು ಸಲ.

ಆ ಮೊದಲನೆಯವನು ಸೋಮವಾರ ಸೋಮವಾರ ಇವರ ಮನೆಗೇ ಊಟಕ್ಕೆ ಬರುತ್ತಿದ್ದ. ಸೋಮವಾರ ಆಟಗಾರರಿಗೆ ರಜೆ. ಬಾಗಿಲು ದಾಟುವಾಗ ತಲೆ ಬಗ್ಗಿಸಬೇಕಾದ ಆಳು, ಹಾಗಾಗಿ ಎಲ್ಲರ ಬಾಯಲ್ಲೂ ಉದ್ದಣ್ಣ. ಮೂವತ್ತೈದು ವಯಸ್ಸು. ಹೆಂಡತಿ ಬಿಟ್ಟು ಹೋಗಿದ್ದಳು. ಅದರ ಬಗ್ಗೆ ಅವನೂ ಮಾತೆತ್ತುತ್ತಿರಲಿಲ್ಲ, ಇವರೂ ಕೇಳುತ್ತಿರಲಿಲ್ಲ.

“ಅತ್ತಿಗೆ, ಕೋಳಿ ಕಾಲು ಯಾರಿಗೆ?”

“ಮೊದಲನೇ ಕೀಪರ್‌ಗೆ.”

“ಇನ್ನೊಂದು?”

“ಎರಡನೇ ಕೀಪರ್‌ಗೆ.”

“ಬೆಂಚು ಕಾಯೋಕೆ ಇವನಿಗೆ ಕೋಳಿ ಕಾಲು ಯಾಕಮ್ಮಾ?” ಅಂದಳು ಮಗಳು. ಅವಳು ಸಿಟಿ ಬಸ್ಸಿನ ಡ್ರೈವರು. ಬೆಳಗಿನ ಪಾಳಿ ಮುಗಿಸಿ ಖಾಕಿ ಅಂಗಿಯಲ್ಲೇ ಊಟಕ್ಕೆ ಕೂತಿದ್ದಳು. “ಬೆಂಚೇನು ಎದ್ದು ಓಡಿಹೋಗುತ್ತಾ?”

“ಕೋಳಿಗೆ ಮೂರನೇ ಕಾಲಿದ್ದಿದ್ರೆ ನಂಗೂ ಒಂದು ಸಿಗ್ತಿತ್ತು,” ಅಂದಳು ಅಜ್ಜಿ, ಹುಲ್ಲಪ್ಪನ ತಾಯಿ.

“ನಿಮಗೆ ಹಲ್ಲೆಲ್ಲಿದೆ ಅಜ್ಜಿ?” ಅಂದ ಉದ್ದಣ್ಣ.

“ಹಲ್ಲು ಹೋದ್ರೆ ಆಸೇನೂ ಹೋಗ್ಬೇಕೇನೋ?”

ಉದ್ದಣ್ಣ ನಕ್ಕು ತನ್ನ ತಟ್ಟೆಯ ಕಾಲನ್ನು ಮುದುಕಿಯ ತಟ್ಟೆಗೆ ಹಾಕಿದ. ಆಮೇಲೆ ಮಗನ ಕಡೆ ತಿರುಗಿದ. “ನಿನ್ನ ಕಾಂಟ್ರಾಕ್ಟ್ ವಿಷಯ ಏನಾಯ್ತೋ?”

“ಆಗೋದೇನಿದೆ? ಈ ಸೀಸನ್ನಿಗೆ ಮುಗೀತು.”

ಮಗನಿಗೆ ಇಪ್ಪತ್ತಾರು. ಆರು ವರ್ಷ ಬೆಂಚಿನ ಮೇಲೆ ಕಳೆದಿದ್ದ. ಅವನ ಕಾಂಟ್ರಾಕ್ಟಿನಲ್ಲಿ ಒಂದು ಸಾಲು ಇತ್ತು: ಒಂದು ಸೀಸನ್ನಿನ ಹತ್ತು ಲೀಗ್ ಆಟಗಳಲ್ಲಿ ಮೊದಲ ಸೀಟಿಯಿಂದ ಗೋಲಿನಲ್ಲಿ ನಿಂತರೆ ಇನ್ನೂ ಎರಡು ವರ್ಷ ತಾನಾಗಿಯೇ ಮುಂದುವರಿಯುತ್ತದೆ. ಇಲ್ಲದಿದ್ದರೆ ಮನೆಗೆ ನಡಿ. ದೇಶದ ಮೊದಲ ದರ್ಜೆಯ ಲೀಗಿನಲ್ಲಿ ಹದಿನಾರು ಕ್ಲಬ್ಬು, ಒಂದೊಂದಕ್ಕೆ ಮೂವತ್ತು ಆಟ. ಹದಿನೆಂಟು ಮುಗಿದಿದ್ದವು. ಮಗ ಆಡಿದ್ದು ಸೊನ್ನೆ.

“ನಮ್ಮ ಟೀಮು ಇರೋದು ಒಂಬತ್ತನೇ ಜಾಗದಲ್ಲಿ,” ಅಂದ ಉದ್ದಣ್ಣ. “ಮೇಲೇನೂ ಹೋಗಲ್ಲ, ಕೆಳಗೂ ಬೀಳಲ್ಲ. ಕೊನೇ ಆಟಗಳಿಗೆ ನಿನ್ನ ಇಳಿಸಿ ಅಂತ ಕೋಚ್‌ಗೆ ನಾನೇ ಹೇಳ್ತೀನಿ.”

“ಎಷ್ಟು ಆಟಕ್ಕೆ?”

“ಮೂರೋ ನಾಲ್ಕೋ.”

“ಹತ್ತು ಬೇಕು ಉದ್ದಣ್ಣ.”

“ಹತ್ತು ಬಿಟ್ಟುಕೊಟ್ರೆ ನನ್ನನ್ನೇ ಮನೆಗೆ ಕಳಿಸ್ತಾರೆ ಮಾರಾಯ,” ಅಂದು ಅವನು ಅನ್ನ ಕಲಸಿದ. ಆ ಮಾತು ಅಲ್ಲಿಗೆ ನಿಂತಿತು. ಅಮ್ಮ ಇನ್ನೊಂದು ಸುತ್ತು ಬಡಿಸಿದಳು.

ಆ ಮನೆಗೆ ಮಾತ್ರ ಗೊತ್ತಿದ್ದ ಸಂಗತಿ ಒಂದಿತ್ತು. ಪ್ರತಿ ಗುರುವಾರ ಬೆಳಗಾಗುತ್ತಲೇ, ಕಚೇರಿಯವರು ಬರುವ ಮೊದಲು, ಹುಲ್ಲಪ್ಪ ಮಗನನ್ನು ಸ್ಟೇಡಿಯಮ್ಮಿನ ಹಿಂದಿನ ಗೇಟಿನಿಂದ ಒಳಗೆ ಬಿಡುತ್ತಿದ್ದ. ಆಟದ ಮೈದಾನದ ಮೇಲೆ ಅಭ್ಯಾಸ ಮಾಡಬಾರದು ಅಂತ ಕ್ಲಬ್ಬಿನ ಕಟ್ಟುನಿಟ್ಟಾದ ನಿಯಮ. ಆದರೆ ಅಭ್ಯಾಸದ ಬಯಲಿನಲ್ಲಿ ಗೋಲು ಮೊದಲನೇ ಕೀಪರ್‌ದು, ಇವನಿಗೆ ಸಿಗುತ್ತಿದ್ದದ್ದು ಮೂಲೆ. ಹಾಗಾಗಿ ಅಪ್ಪ ಚೆಂಡು ಎಸೆಯುತ್ತಿದ್ದ, ಮಗ ಹಾರಿ ಬೀಳುತ್ತಿದ್ದ. ಮಗನ ಭುಜ ಎರಡು ಸಲ ಕೀಲು ತಪ್ಪಿತ್ತು, ಗಟ್ಟಿ ನೆಲಕ್ಕೆ ಬಿದ್ದರೆ ಆಗುತ್ತಿರಲಿಲ್ಲ. ಅದಕ್ಕೇ ಹುಲ್ಲಪ್ಪ ಮೊದಲೇ ಹೋಗಿ ಉತ್ತರದ ಗೋಲಿನ ಎಡಗಂಬದ ಬುಡದಲ್ಲಿ ಎರಡು ಮಂಚದಷ್ಟು ಜಾಗವನ್ನು ಹಲ್ಲುಗುದ್ದಲಿಯಿಂದ ಚುಚ್ಚಿ ನೀರು ಕುಡಿಸುತ್ತಿದ್ದ. ಆಟ ಇರುತ್ತಿದ್ದದ್ದು ಭಾನುವಾರ. ಶುಕ್ರವಾರ, ಶನಿವಾರದ ಬಿಸಿಲಿಗೆ ಅದು ಒಣಗುತ್ತಿತ್ತು. ಶನಿವಾರ ಸಂಜೆ ರೋಲರ್ ಎಳೆದರೆ ಮುಗಿಯಿತು. ಆರು ವರ್ಷ ಹೀಗೇ ನಡೆದಿತ್ತು.

ಇಪ್ಪತ್ತನೇ ಆಟವನ್ನು ಟಿವಿಯವರು ಭಾನುವಾರದಿಂದ ಶುಕ್ರವಾರ ಮಧ್ಯಾಹ್ನಕ್ಕೆ ತಂದರು. ಹುಲ್ಲಪ್ಪನ ಶೆಡ್ಡಿನ ಬಾಗಿಲಿಗೆ ಚೀಟಿಯನ್ನೂ ಅಂಟಿಸಿದ್ದರು. ಗುರುವಾರ ಬೆಳಿಗ್ಗೆ ಅವನು ಎಂದಿನಂತೆ ಪೈಪು ಹಿಡಿದ.

ಶುಕ್ರವಾರ ಮೋಡ ಮುಚ್ಚಿತ್ತು. ಆಟ ಶುರುವಾಗಿ ಮೂವತ್ತೆಂಟನೇ ನಿಮಿಷ. ಚೆಂಡು ನೆಲಕ್ಕಂಟಿಕೊಂಡು ಎಡಗಂಬದ ಕಡೆ ಬಂತು. ಉದ್ದಣ್ಣ ಹಾರಲು ಎಡಗಾಲು ಊರಿದ. ಕಾಲು ಪಾದದ ಗಂಟಿನವರೆಗೆ ನೆಲದೊಳಗೆ ಇಳಿದು ಅಲ್ಲೇ ನಿಂತಿತು. ಮೈ ತಿರುಗಿತು. ಚೆಂಡು ಗೋಲಿಗೆ ಹೋಯಿತು.

ಸ್ಟ್ರೆಚರ್ ತಂದರು. ಮಗ ಬೆಂಚಿನಿಂದ ಎದ್ದು ಕೈಗವಸು ಹಾಕಿಕೊಂಡು ಓಡಿದ. ಮನೆಯಲ್ಲಿ ರೇಡಿಯೋ ಕೇಳುತ್ತಿದ್ದ ಅಜ್ಜಿ ಯಾರೂ ಇಲ್ಲದ ಕೋಣೆಗೆ “ನಮ್ಮ ಹುಡುಗ ಇಳಿದ” ಅಂದಳು. ಆಮೇಲೆ ರೇಡಿಯೋದವನು ಉದ್ದಣ್ಣನ ಮಂಡಿಯ ವಿಷಯ ಹೇಳಿದ ಮೇಲೆ ಅದನ್ನು ಆರಿಸಿಬಿಟ್ಟಳು.

ಶನಿವಾರ ಬೆಳಿಗ್ಗೆ ಅಮ್ಮ ಬಟ್ಟೆ ಕೋಣೆಯಲ್ಲಿ ಜೆರ್ಸಿಗಳನ್ನು ವಿಂಗಡಿಸಿದಳು. ಹನ್ನೊಂದು ವರ್ಷದ ಕೆಲಸ ಅದು. ಒಣ ಮೈದಾನದ ಆಟವಾದರೆ ಬಟ್ಟೆಯಲ್ಲಿ ಹಸಿರು ಕಲೆ ಇರುತ್ತದೆ, ಮಣ್ಣು ಕೊಡವಿದರೆ ಉದುರುತ್ತದೆ. ಅವತ್ತಿನ ಎಲ್ಲ ಬಟ್ಟೆಯೂ ಹಾಗೇ ಇತ್ತು, ಇಬ್ಬರದು ಬಿಟ್ಟು. ಉದ್ದಣ್ಣನ ಎಡಗಾಲಿನ ಕಾಲುಚೀಲದ ತುಂಬ ಕಪ್ಪು ಕೆಸರು, ಬೆರಳಿಗೆ ಅಂಟಿತು. ಮಗನ ಜೆರ್ಸಿಯ ಎಡ ಮೊಣಕೈಯಲ್ಲೂ ಅದೇ ಕೆಸರು. ಎರಡನ್ನೂ ಬೇರೆ ತೆಗೆದು ಒಂದೇ ಯಂತ್ರಕ್ಕೆ ಹಾಕಿ ಎರಡು ಸಲ ತೊಳೆದಳು.

ಸಂಜೆ ಊಟಕ್ಕೆ ಕೂತಾಗ ಕೇಳಿದಳು.

“ರೀ, ಎಡಗಂಬದ ಹತ್ರ ನೀರು ನಿಂತಿತ್ತಾ?”

ಹುಲ್ಲಪ್ಪ ಬ್ರೆಡ್ ಮುರಿಯುತ್ತಿದ್ದ. “ಗುರುವಾರ ಬಿಟ್ಟೆ.”

“ಆಟ ಶುಕ್ರವಾರ ಅಂತ ಚೀಟಿ ಅಂಟಿಸಿದ್ರಲ್ಲ?”

“ಅಂಟಿಸಿದ್ರು.”

“ಗೆರೆ ಹಾಕಿದ್ದು ಯಾವತ್ತು?”

“ಗುರುವಾರ ಸಂಜೆ.”

“ಹಾಗಾದ್ರೆ ಗೊತ್ತಿತ್ತು.”

“ಗೆರೆ ಹಾಕುವಾಗ ಗೊತ್ತಿತ್ತು ಕಣೇ. ಬೆಳಿಗ್ಗೆ ಪೈಪು ಹಿಡಿದಾಗ ನೆನಪಿರ್ಲಿಲ್ಲ. ಗುರುವಾರ ಅಂದ್ರೆ ಕೈ ಅಲ್ಲಿಗೇ ಹೋಗುತ್ತೆ. ಸಂಜೆ ರೋಲರ್ ಎಳೆದೆ. ಮೇಲೆ ನುಣ್ಣಗಾಯ್ತು. ಸಾಕು ಅಂದ್ಕೊಂಡೆ.”

ಮಗಳು ತಮ್ಮನ ಕಡೆ ತಿರುಗಿದಳು. “ನೀನು? ಬೆಳಿಗ್ಗೆ ಅದೇ ಕೆಸರಲ್ಲಿ ಹೊರಳಾಡಿದೆಯಲ್ಲ. ಮಾರನೇ ದಿನ ಆಟ ಅಂತ ನಿನಗೂ ಗೊತ್ತಿರ್ಲಿಲ್ವಾ?”

“ಗೊತ್ತಿತ್ತು.”

“ಮತ್ತೆ ಬಾಯಲ್ಲಿ ಏನಿಟ್ಕೊಂಡಿದ್ದೆ?”

“ಅಪ್ಪ ನೋಡ್ಕೋತಾರೆ ಅಂದ್ಕೊಂಡೆ.”

“ಅವರು ಅಂದ್ಕೊಂಡ್ರು, ಇವನು ಅಂದ್ಕೊಂಡ! ಅಲ್ಲಿ ಒಬ್ಬನ ಕಾಲು ಹೋಯ್ತು!”

“ಮೆಲ್ಲಗೆ ಮಾತಾಡೇ,” ಅಂದಳು ಅಜ್ಜಿ. “ಪಕ್ಕದ ಮನೆಯವರಿಗೆ ಕಿವಿ ಇದೆ.”

“ನಾಳೆನೇ ಕ್ಲಬ್ಬಿಗೆ ಹೇಳ್ಬೇಕು ಅಪ್ಪ,” ಅಂದಳು ಮಗಳು.

“ಏನಂತ ಹೇಳ್ತಾರೆ?” ಅಂದಳು ಅಮ್ಮ. “ಆರು ವರ್ಷದಿಂದ ನಿಯಮ ಮುರಿದು ಮಗನ್ನ ಕದ್ದು ಒಳಗೆ ಬಿಡ್ತಿದ್ದೆ ಅಂತಲಾ? ಹನ್ನೆರಡು ಗಂಟೆಗೆ ಇವರು ಬೀದಿಗೆ, ಹನ್ನೆರಡೂವರೆಗೆ ಇವನು ಬೀದಿಗೆ. ಆಮೇಲೆ ನನ್ನ ಇಟ್ಕೊಳ್ತಾರಾ?”

“ಹಾಗಂತ ಸುಮ್ನಿರೋದಾ?”

“ನಾನು ಸುಮ್ನಿರು ಅಂದೆನಾ? ಏನಂತ ಹೇಳೋದು ಅಂತ ಕೇಳ್ದೆ.”

ತಟ್ಟೆ ನೋಡುತ್ತಲೇ ಮಗ ಅಂದ, “ಉಳಿದಿರೋದು ಹತ್ತು ಆಟ.”

ಮಗಳು ಎದ್ದು ತಟ್ಟೆ ತೊಳೆಯಲು ಹೋದಳು. ಹುಲ್ಲಪ್ಪ ಮುರಿದ ಬ್ರೆಡ್ಡನ್ನು ತಿಂದ. ಆಲೂಗಡ್ಡೆಗೆ ಉಪ್ಪು ಸಾಲದು ಅಂದ. ಅಮ್ಮ ಉಪ್ಪಿನ ಡಬ್ಬಿ ಅವನ ಮುಂದೆ ಇಟ್ಟಳು. ಅಷ್ಟೇ. ಆ ಮನೆಯಲ್ಲಿ ಅದರ ಬಗ್ಗೆ ಸಭೆ ಸೇರಲಿಲ್ಲ, ತೀರ್ಮಾನವೂ ಆಗಲಿಲ್ಲ. ಭಾನುವಾರ ಕಳೆಯಿತು, ಸೋಮವಾರ ಕಳೆಯಿತು. ಹೇಳದೆ ಒಂದು ವಾರವಾದ ಮೇಲೆ ಯಾಕೆ ಇಷ್ಟು ದಿನ ಹೇಳಲಿಲ್ಲ ಅನ್ನುವ ಪ್ರಶ್ನೆಯೂ ಸೇರಿಕೊಂಡಿತು. ಎರಡು ವಾರವಾದ ಮೇಲೆ ಹೇಳುವ ಮಾತೇ ಉಳಿಯಲಿಲ್ಲ.

ಕ್ಲಬ್ಬಿನವರು ಹುಲ್ಲಪ್ಪನನ್ನು ಕರೆದು ಕೇಳಿದ್ದು ಒಂದೇ ಸಲ. ಮ್ಯಾನೇಜರ್ ಫೋನಿನಲ್ಲಿ ಮಾತಾಡುತ್ತ ಮಧ್ಯದಲ್ಲಿ ತಲೆ ಎತ್ತಿ, “ಮೈದಾನ ಸರಿ ಇತ್ತಲ್ಲ?” ಅಂದ.

“ಸರಿ ಇತ್ತು ಸಾರ್.”

“ಸರಿ ಹೋಗು,” ಅಂದು ಮತ್ತೆ ಫೋನಿಗೆ ಹೋದ.

ಹುಲ್ಲಪ್ಪ ಅವತ್ತೇ ಎಡಗಂಬದ ಬುಡ ಅಗೆದು ಮರಳು ತುಂಬಿ, ಬೇರೆ ಕಡೆಯಿಂದ ಹುಲ್ಲಿನ ಹೆಂಟೆ ತಂದು ಕೂರಿಸಿದ. ಯಾರೂ ಯಾಕೆ ಅಂತ ಕೇಳಲಿಲ್ಲ. ಹುಲ್ಲಿನವನು ಹುಲ್ಲು ನೆಡುತ್ತಿದ್ದಾನೆ, ಕೇಳುವುದೇನು?

ಉಳಿದ ಹತ್ತರಲ್ಲಿ ಮೊದಲನೇ ಆಟ ಹೊರ ಊರಿನಲ್ಲಿ. ಎರಡು ಗೋಲಿನಿಂದ ಸೋತರು. ಎರಡನೇ ಆಟ ಸಮ. ಮೂರನೆಯದು ಗೆದ್ದರು. ಪತ್ರಿಕೆಯವರು ಮಗನ ಬಗ್ಗೆ ಒಂದು ಸಾಲು ಬರೆದರು, ಅದರಲ್ಲೂ ಅವನ ವಯಸ್ಸು ತಪ್ಪು. ಮಗಳು ಬಸ್ಸಿನಲ್ಲಿ ಕೇಳಿದ್ದನ್ನು ಮನೆಗೆ ತಂದು ಹಾಕುತ್ತಿದ್ದಳು.

“ಬೆಂಚು ಪರವಾಗಿಲ್ಲ ಕಣೋ ಅಂತಿದ್ರು ಹಿಂದಿನ ಸೀಟಲ್ಲಿ.”

“ನೀನೇನಂದೆ?” ಅಂದಳು ಅಜ್ಜಿ.

“ಟಿಕೆಟ್ ತಗೊಂಡ್ರಾ ಅಂದೆ.”

ಮಗ ನಗಲಿಲ್ಲ. ಅವನು ಮೊದಲೂ ಹೆಚ್ಚು ನಗುವವನಲ್ಲ. ಈಗ ಊಟಕ್ಕೆ ಕೂತರೆ ಬಡಿಸಿದ್ದನ್ನು ತಿಂದು ಏಳುತ್ತಿದ್ದ, ಬಡಿಸದಿದ್ದರೆ ಕೇಳುತ್ತಿರಲಿಲ್ಲ. ಆರು ವರ್ಷ ಕಾದದ್ದು ಕೈಗೆ ಬಂದಿತ್ತು. ಅವನ ಮುಖದಲ್ಲಿ ಅದು ಬಂದ ಗುರುತೇ ಇರಲಿಲ್ಲ. ಗುರುವಾರ ಬೆಳಿಗ್ಗೆ ಮಾತ್ರ ಮೊದಲಿನಂತೆ ಅಪ್ಪನ ಹಿಂದೆ ಹೋಗುತ್ತಿದ್ದ. ಮೊದಲ ಗುರುವಾರ ಹುಲ್ಲಪ್ಪ ಪೈಪು ಹಿಡಿದು ನಿಂತು ಕೇಳಿದ.

“ನೀರು ಬಿಡ್ಲಾ?”

“ಬೇಡ.”

“ಭುಜ?”

“ಇರ್ಲಿ ಎಸೀರಿ.”

ಗಟ್ಟಿ ನೆಲದ ಮೇಲೆ ನಲವತ್ತು ಸಲ ಬಿದ್ದ. ಮನೆಗೆ ಬಂದು ಅಂಗಿ ಬಿಚ್ಚಿದಾಗ ಭುಜ ಊದಿತ್ತು. ಅಮ್ಮ ಬಿಸಿನೀರಿನ ಬಟ್ಟೆ ಹಿಂಡಿ ಇಟ್ಟಳು. “ಅಭ್ಯಾಸ ಬಿಡಬಾರ್ದಾ? ಈಗಂತೂ ಬಯಲಲ್ಲಿ ಗೋಲು ನಿಂದೇ ತಾನೇ?” ಅಂದಳು. ಅವನು ಗೋಡೆ ನೋಡುತ್ತ ಕೂತ.

ಅಮ್ಮ ವಾರಕ್ಕೆ ಮೂರು ದಿನ ಆಸ್ಪತ್ರೆಗೆ ಊಟ ಒಯ್ದಳು. ಉದ್ದಣ್ಣನ ಮಂಡಿಗೆ ಎರಡು ಸಲ ಕತ್ತಿ ಹಾಕಿದರು. ಅವನು ಡಬ್ಬಿ ಬಿಚ್ಚಿ ವಾಸನೆ ನೋಡಿ, “ಅತ್ತಿಗೆ, ನಿಮ್ಮ ಕೈ ಊಟ ಇಲ್ದಿದ್ರೆ ನಾನು ಇಲ್ಲಿ ಕಾಲಿಂದಲ್ಲ, ಹಸಿವಿಂದ ಸಾಯ್ತಿದ್ದೆ,” ಅನ್ನುತ್ತಿದ್ದ. ಅವಳು ಖಾಲಿ ಡಬ್ಬಿ ತೊಳೆದುಕೊಂಡು ಬರುತ್ತಿದ್ದಳು. ಒಂದು ದಿನ ಮನೆಗೆ ಬಂದವಳೇ ಡಬ್ಬಿಯನ್ನು ತೊಟ್ಟಿಗೆ ಎಸೆದಳು. ಮುಚ್ಚಳ ಸೊಟ್ಟಗಾಯಿತು.

“ಇನ್ನು ಮೇಲೆ ನೀವೇ ಹೋಗಿ. ನಾನು ಹೋಗಲ್ಲ.”

“ನಾನು ಹೇಗೆ ಹೋಗ್ಲಿ?” ಅಂದ ಹುಲ್ಲಪ್ಪ.

“ನಡ್ಕೊಂಡು. ನಿಮಗೆ ಎರಡು ಕಾಲೂ ನೆಟ್ಟಗಿವೆ.”

ಹುಲ್ಲಪ್ಪ ಹೋಗಲಿಲ್ಲ. ಎರಡು ದಿನ ಬಿಟ್ಟು ಅವಳೇ ಮುಚ್ಚಳ ತಟ್ಟಿ ಸರಿಮಾಡಿಕೊಂಡು ಹೋದಳು.

ಐದನೇ ಆಟ ಮುಗಿದ ಮೇಲಿನ ಸೋಮವಾರ ಉದ್ದಣ್ಣ ಎರಡು ಊರುಗೋಲು ಹಿಡಿದು ತಾನೇ ಬಂದ. ಬಾಗಿಲಲ್ಲಿ ತಲೆ ಬಗ್ಗಿಸುವಾಗ ಒಂದು ಊರುಗೋಲು ಜಾರಿತು. ಮಗ ಓಡಿ ಹೋಗಿ ತೋಳು ಹಿಡಿದ.

“ನೋಡ್ರಪ್ಪಾ, ಈಗ ಮೊದಲನೇ ಕೀಪರ್ ಯಾರು ಅಂತ ತಿಳೀತು,” ಅಂದ ಉದ್ದಣ್ಣ. ಅಜ್ಜಿ ಮಾತ್ರ ನಕ್ಕಳು.

ಊಟದ ಮಧ್ಯೆ ಅವನು ಉಪ್ಪಿನ ಡಬ್ಬಿಯನ್ನು ಒಂದು ಕಂಬ ಮಾಡಿದ, ನೀರಿನ ಲೋಟವನ್ನು ಇನ್ನೊಂದು ಕಂಬ ಮಾಡಿದ. ಚಮಚವನ್ನು ನಡುವೆ ಇಟ್ಟ.

“ಟಿವಿಯಲ್ಲಿ ನೋಡ್ದೆ. ಇದು ನೀನು. ಅವನು ಒದೆಯೋಕೆ ಮುಂಚೆನೇ ನೀನು ಬಲಕ್ಕೆ ವಾಲ್ತೀಯ. ಯಾಕೋ?”

“ಗೊತ್ತಿಲ್ಲ.”

“ಎಡಕ್ಕೆ ಬೀಳೋಕೆ ಹೆದರಿಕೆನಾ? ನನ್ನ ಕಾಲು ಹೋಯ್ತು ಅಂತ?”

ಮಗ ಚಮಚ ನೋಡುತ್ತಿದ್ದ. “ಇರಬಹುದು.”

“ಹೆದರ್ಬೇಡ. ನಂದು ಹಣೆಬರಹ. ನೀನು ಕೊನೇ ಗಳಿಗೆವರೆಗೂ ನೆಟ್ಟಗೆ ನಿಲ್ಲು. ಅವನ ಸೊಂಟ ನೋಡು, ಕಣ್ಣು ನೋಡ್ಬೇಡ. ಕಣ್ಣು ಸುಳ್ಳು ಹೇಳುತ್ತೆ.”

ಮಗಳು ಪಟ್ಟನೆ ಎದ್ದು ಅಡುಗೆಮನೆಗೆ ಹೋದಳು. ಅಮ್ಮ ಹಿಂದೆಯೇ ಹೋದಳು. ಒಳಗೆ ಪಿಸುಮಾತಿನಲ್ಲಿ ಜಗಳ ನಡೆಯಿತು.

“ಇದನ್ನ ನೋಡ್ಕೊಂಡು ಕೂರೋಕೆ ನನ್ನಿಂದಾಗಲ್ಲಮ್ಮಾ.”

“ಹಾಗಾದ್ರೆ ಸೋಮವಾರ ಮಧ್ಯಾಹ್ನದ ಪಾಳಿ ಹಾಕಿಸ್ಕೋ.”

“ನಿನಗೇನೂ ಅನ್ಸಲ್ವಾ?”

“ಅನ್ಸುತ್ತೆ. ಅನ್ಸಿದ್ರೆ ಕೋಳಿ ಬೇಯುತ್ತಾ? ಆ ಪಾತ್ರೆ ಇತ್ತ ಕೊಡು.”

ಆರನೇ ಆಟದಲ್ಲಿ ಮಗ ನೆಟ್ಟಗೆ ನಿಂತ. ಪೆನಾಲ್ಟಿ ಒಂದನ್ನು ಎಡಕ್ಕೆ ಹಾರಿ ಹಿಡಿದ. ಏಳನೆಯದರಲ್ಲಿ ಒಂದು ಗೋಲೂ ಬಿಡಲಿಲ್ಲ. ಎಂಟನೆಯದರಲ್ಲಿ ಜನ ಅವನ ಹೆಸರು ಕೂಗಿದರು. ಹಿಂದಿನ ಸೀಟಿನವರು ಬೆಂಚು ಅನ್ನುವುದು ಬಿಟ್ಟರು. ಪ್ರತಿ ಆಟದ ಮರುದಿನ ಅಮ್ಮ ಮಗನ ಜೆರ್ಸಿ ಒಗೆಯುತ್ತಿದ್ದಳು. ಬರೇ ಹಸಿರು ಕಲೆ, ಕೊಡವಿದರೆ ಉದುರುವ ಮಣ್ಣು.

ಒಂಬತ್ತನೇ ಆಟ ಮುಗಿದ ಮಾರನೇ ದಿನ ಉದ್ದಣ್ಣ ಒಂದೇ ಊರುಗೋಲಿನಲ್ಲಿ ಬಂದ. ಬಗಲಲ್ಲಿ ಒಂದು ಕಾಗದದ ಕವರು. ಕೈ ತೊಳೆಯುವ ಮೊದಲು ಅದನ್ನು ಮೇಜಿನ ಮೇಲಿಟ್ಟ.

“ಡಾಕ್ಟ್ರು ಹೇಳಿಬಿಟ್ರು. ಇನ್ನು ಆಟ ಇಲ್ಲ.”

“ಪೂರ್ತಿನಾ?” ಅಂದಳು ಅಜ್ಜಿ.

“ಪೂರ್ತಿ. ಮೆಟ್ಟಿಲು ಹತ್ತಿದ್ರೆ ಪುಣ್ಯ ಅಂದ್ರು. ವಿಮೆಯವರ ಕಾಗದ ಇದು, ನಾಳೆ ಕೊಡ್ಬೇಕು.” ಅವನು ಕವರು ಬಿಚ್ಚಿದ. “ಹೇಗೆ ಬಿದ್ದೆ ಅಂತ ಬರೀಬೇಕಂತೆ. ಎರಡು ಚೌಕ ಇದೆ. ಮೈದಾನದ ದೋಷ ಅಂದ್ರೆ ಕ್ಲಬ್ಬು ಹೊಣೆ, ವಿಚಾರಣೆ ಆಗುತ್ತೆ, ಜೀವನ ಪೂರ್ತಿ ತಿಂಗಳು ತಿಂಗಳು ಕೊಡ್ತಾರೆ. ಸ್ವಂತ ತಪ್ಪು ಹೆಜ್ಜೆ ಅಂದ್ರೆ ಒಂದು ಗಂಟು ಕೊಟ್ಟು ಕೈ ತೊಳ್ಕೋತಾರೆ. ಎರಡು ವರ್ಷಕ್ಕೆ ಬರಬಹುದು ಅದು.”

ಒಲೆಯ ಮೇಲೆ ಏನೋ ಕುದಿಯುತ್ತಿತ್ತು.

“ನಂಗೆ ಸರಿಯಾಗಿ ನೆನಪಿಲ್ಲ,” ಅಂದ ಉದ್ದಣ್ಣ. “ಕಾಲು ಒಳಗೆ ಹೋದ ಹಾಗಾಯ್ತು. ನೋವಲ್ಲಿ ಹಾಗೆ ಅನ್ನಿಸಿತೋ ಏನೋ. ಅಣ್ಣಾ, ನಿಮಗಿಂತ ಚೆನ್ನಾಗಿ ಆ ನೆಲ ಯಾರಿಗೆ ಗೊತ್ತು? ಅವತ್ತು ಅಲ್ಲಿ ಒದ್ದೆ ಇತ್ತಾ?”

ಹುಲ್ಲಪ್ಪ ಅಂಗೈಯಿಂದ ಮೇಜನ್ನು ಒಂದು ಸಲ ಸವರಿದ. ಒರೆಸಲು ತುಣುಕು ಏನೂ ಇರಲಿಲ್ಲ.

“ಉದ್ದಣ್ಣ...” ಅಂದಳು ಮಗಳು.

“ನೀರು ತಗೊಂಡು ಬಾ,” ಅಂದಳು ಅಮ್ಮ.

“ಅಮ್ಮಾ.”

“ನೀರು ತಗೊಂಡು ಬಾ ಅಂದೆ. ಬಂದವರಿಗೆ ಇನ್ನೂ ನೀರೇ ಕೊಟ್ಟಿಲ್ಲ.”

ಮಗಳು ಅಮ್ಮನ ಮುಖ ನೋಡಿದಳು. ಅಪ್ಪನ ಮುಖ ನೋಡಿದಳು. ತಮ್ಮ ಅವಳ ಕಡೆ ನೋಡಲಿಲ್ಲ. ಅವಳು ಹೋಗಿ ನೀರು ತಂದಿಟ್ಟಳು.

“ಒಣಗಿತ್ತು,” ಅಂದ ಹುಲ್ಲಪ್ಪ.

“ಒಣಗಿತ್ತು ಅಲ್ವಾ?”

“ಹೂಂ. ಗುರುವಾರ ಸಂಜೆನೇ ರೋಲರ್ ಎಳೆದಿದ್ದೆ.”

“ಹಾಗಾದ್ರೆ ನಂದೇ ತಪ್ಪು ಹೆಜ್ಜೆ.” ಉದ್ದಣ್ಣ ನೀರು ಕುಡಿದ, ಪೆನ್ನು ತೆಗೆದ, ಎರಡನೇ ಚೌಕದಲ್ಲಿ ಗುರುತು ಹಾಕಿದ. ಕಾಗದವನ್ನು ಮಗನ ಕಡೆ ತಿರುಗಿಸಿದ. “ನೋಡಿದವರು ಒಬ್ಬರು ಸಾಕ್ಷಿ ಹಾಕ್ಬೇಕು. ನೀನು ಬೆಂಚಲ್ಲಿದ್ದೆ, ಎದುರಿಗೇ ಕಾಣ್ತಿತ್ತು. ಹಾಕು.”

ಮಗ ಪೆನ್ನು ತಗೊಂಡ. “ಎಲ್ಲಿ?”

“ಇಲ್ಲಿ. ಹೆಸರು ಕೆಳಗೆ, ಸಹಿ ಮೇಲೆ.”

ಮಗ ಹೆಸರು ಬರೆದ, ಸಹಿ ಹಾಕಿದ, ತಾರೀಕನ್ನೂ ಹಾಕಿದ. ಉದ್ದಣ್ಣ ಕಾಗದ ಮಡಚಿ ಕವರಿಗೆ ಸೇರಿಸಿದ. ಆಮೇಲೆ ಊಟ ಮಾಡಿದರು. ಅವನು ಎರಡು ಸಲ ಅನ್ನ ಹಾಕಿಸಿಕೊಂಡ. ಹೋಗುವಾಗ ಮಗನ ಬೆನ್ನು ತಟ್ಟಿ, “ಕೊನೇ ಆಟ. ಚೆನ್ನಾಗಿ ಆಡು,” ಅಂದ.

ಅವನು ಹೋದ ಮೇಲೆ ಮಗಳು ಕೇಳಿದ್ದು ಅಪ್ಪನನ್ನಲ್ಲ, ತಮ್ಮನನ್ನು.

“ಒಂದು ಆಟಕ್ಕಾಗಿ ಮಾಡಿದ್ಯಾ?”

“ಹತ್ತು ಆಟಕ್ಕೆ.”

“ಒಂಬತ್ತು ಆಗಿತ್ತಲ್ಲೋ.”

“ಒಂಬತ್ತಕ್ಕೆ ಏನೂ ಸಿಗಲ್ಲ ಅಕ್ಕಾ.”

“ಸಾಕು ಮಾಡಿ,” ಅಂದಳು ಅಜ್ಜಿ. ಅವಳು ಯಾವಾಗಲೂ ಊಟವಾದ ಮೇಲೆ ರೇಡಿಯೋ ಹಾಕುತ್ತಿದ್ದಳು. ಅವತ್ತೂ ಹಾಕಿದಳು. ಹವಾಮಾನದ ಸುದ್ದಿ ಬರುತ್ತಿತ್ತು. ಎಲ್ಲರೂ ಅದನ್ನು ಕೊನೆಯವರೆಗೂ ಕೇಳಿದರು.

ಹತ್ತನೇ ಆಟ ಭಾನುವಾರ. ಎರಡು ಟೀಮಿಗೂ ಅದರಿಂದ ಆಗಬೇಕಾದ್ದು ಏನೂ ಇರಲಿಲ್ಲ. ಸ್ಟೇಡಿಯಮ್ಮು ಅರ್ಧ ಖಾಲಿ. ಸೊನ್ನೆ ಸೊನ್ನೆ. ಮಗನ ಕೈಗೆ ಚೆಂಡು ಬಂದದ್ದು ಏಳೋ ಎಂಟೋ ಸಲ, ಅದರಲ್ಲಿ ನಾಲ್ಕು ತನ್ನವರೇ ಹಿಂದಕ್ಕೆ ಒದ್ದದ್ದು. ಕೊನೆಯ ಸೀಟಿ ಊದಿದಾಗ ಆಟಗಾರರು ಕೈ ಕುಲುಕಿ ಹೊರಟರು. ಹುಲ್ಲಪ್ಪ ಮೂಲೆಯ ಬಾವುಟ ಕೀಳುತ್ತಿದ್ದ. ಮಗ ಹತ್ತಿರ ಬಂದು ನಿಂತ.

“ಆಯ್ತು.”

“ಆಯ್ತಾ?”

“ಹೂಂ. ಮ್ಯಾನೇಜರ್ ನಾಳೆ ಬಂದು ಕಾಗದ ತಗೋ ಅಂದ್ರು.”

“ಮನೆಗೆ ನಡಿ. ನಾನು ಬಲೆ ಬಿಚ್ಚಿ ಬರ್ತೀನಿ.”

ಸೋಮವಾರ ಮಗ ಕಾಗದ ತಂದ. ಎರಡು ವರ್ಷ. ಅಮ್ಮ ಓದಿ ಕಪಾಟಿನಲ್ಲಿ ಸೀರೆಗಳ ಕೆಳಗೆ ಇಟ್ಟಳು. ಕೋಳಿ ಬೇಯಿಸಿದ್ದಳು. ಒಂದು ಗಂಟೆಯಾಯಿತು, ಎರಡಾಯಿತು. ಉದ್ದಣ್ಣ ಬರಲಿಲ್ಲ. ಮಗಳ ಪಾಳಿ ಮುಗಿದು ಅವಳೇ ಬಂದಳು. ಕೈಕಾಲು ತೊಳೆದುಕೊಂಡು ತನ್ನ ಜಾಗದಲ್ಲಿ ಕೂತಳು.

“ಕಾಯ್ಬೇಡಿ. ಅವನು ಬರಲ್ಲ.”

“ನಿನಗೆ ಹೇಗೆ ಗೊತ್ತು?” ಅಂದಳು ಅಮ್ಮ.

“ನನ್ನ ಬಸ್ಸಲ್ಲೇ ಸ್ಟೇಷನ್ನಿಗೆ ಹೋದ. ಎರಡು ಪೆಟ್ಟಿಗೆ ಇತ್ತು. ಮನೆ ಖಾಲಿ ಮಾಡಿದ್ನಂತೆ. ಅವರಣ್ಣನ ಊರಿಗೆ.”

“ಹೇಳದೆ ಕೇಳದೆ?”

“ನನಗೆ ಹೇಳ್ದ. ನನ್ನ ಸೀಟಿನ ಹಿಂದೆನೇ ನಿಂತಿದ್ದ. ಜಾಗ ಕೊಟ್ರೂ ಕೂರ್ಲಿಲ್ಲ.”

“ಏನಂದ?” ಅಂದ ಹುಲ್ಲಪ್ಪ.

ಅಮ್ಮ ಗಂಡನಿಗೂ ಮಗನಿಗೂ ಬಡಿಸಿದಳು. ಮಗಳು ತಾನೇ ತಟ್ಟೆಗೆ ಅನ್ನ ಹಾಕಿಕೊಂಡಳು. “ಇವನು ಸಹಿ ಹಾಕುವಾಗ ಇವನ ಕೈಯನ್ನೇ ನೋಡ್ತಿದ್ನಂತೆ. ಒಂಚೂರೂ ನಡುಗಲಿಲ್ಲವಂತೆ. ಕೀಪರ್ ಆದವನಿಗೆ ಅಂಥ ಕೈ ಬೇಕು, ಇನ್ನು ಹತ್ತು ವರ್ಷ ಇವನನ್ನ ಯಾರೂ ಅಲ್ಲಾಡಿಸೋಕಾಗಲ್ಲ ಅಂದ.”

ಮಗ ಬಾಯಲ್ಲಿದ್ದ ತುತ್ತನ್ನು ನಿಧಾನವಾಗಿ ಅಗಿದು ನುಂಗಿದ.

ಅಮ್ಮನ ಕೈಯಲ್ಲಿ ಸೌಟು ಹಾಗೇ ಇತ್ತು. “ನಗ್ತಾ ಹೇಳಿದ್ನಾ?”

“ಗೊತ್ತಿಲ್ಲ,” ಅಂದಳು ಮಗಳು. “ನಾನು ರಸ್ತೆ ನೋಡ್ತಿದ್ದೆ.”